ರಾಣಿಯ ಕೊರಳಂಚಿನ ಎರಡಕ್ಷರ

ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ನನ್ನ ದೊಡ್ಡಪ್ಪ ಬಹಳ ವರ್ಷ ಕೂತವರು. ಖೋಟಾ ನಾಣ್ಯ ಬಂದರೆ ಕಣ್ಣಿಗಿಂತ ಮೊದಲು ಅವರ ಬೆರಳಿಗೇ ಗೊತ್ತಾಗುತ್ತಿತ್ತು. ಅವರು ಕೊಟ್ಟುಹೋದ 1840ರ ಬೆಳ್ಳಿ ರೂಪಾಯಿಯೊಂದು ನನ್ನ ಹತ್ತಿರ ಇದೆ. ಒಂದು ಬದಿಯಲ್ಲಿ ವಿಕ್ಟೋರಿಯಾ ರಾಣಿಯ ತಲೆ, ಇನ್ನೊಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು. ಭೂತಗನ್ನಡಿ ಹಿಡಿದು ರಾಣಿಯ ಕೊರಳು ಮುಗಿಯುವ ಅಂಚನ್ನು ನೋಡಿದರೆ, ಸಾಸಿವೆಗಿಂತ ಚಿಕ್ಕದಾಗಿ, ‘ಡಬ್ಲ್ಯೂ ಡಬ್ಲ್ಯೂ’ ಎಂಬ ಇಂಗ್ಲಿಷ್ ಅಕ್ಷರಗಳು. ಲಂಡನ್ನಿನ ರಾಯಲ್ ಮಿಂಟ್ ಎಂಬ, ನಾಣ್ಯ ಅಚ್ಚುಹಾಕುವ ಟಂಕಸಾಲೆಯಲ್ಲಿ ಮುಖ್ಯ ಕೆತ್ತನೆಗಾರನಾಗಿದ್ದ ವಿಲಿಯಂ ವಯನ್‌ನ ಗುರುತು ಅದು.

ಕೆಲಸಗಾರ ತನ್ನ ಹೆಸರು ಬರೆದಿಡುವುದು ನಮಗೇನೂ ಹೊಸದಲ್ಲ. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜನ ಹೆಸರಿದೆ. ಸೋಮನಾಥಪುರದಲ್ಲಿ ದುಡಿದ ಮಲ್ಲಿತಮ್ಮ ಕೆಲವು ಕಡೆ ‘ಮಲ್ಲಿ’ ಎಂದು, ಕೆಲವು ಕಡೆ ಬರೀ ‘ಮ’ ಎಂದು ಕೆತ್ತಿ ಮುಂದಿನ ಕಲ್ಲಿಗೆ ಹೋಗಿದ್ದಾನೆ. ಕಲ್ಲಿಗೆ ಇದ್ದ ಈ ರೂಢಿ ಕಮ್ಮಟಕ್ಕೆ ಮಾತ್ರ ಬರಲಿಲ್ಲ. ಕಮ್ಮಟವೆಂದರೆ ಟಂಕಸಾಲೆಗೆ ಹಳಗನ್ನಡದ ಹೆಸರು. ನಾಣ್ಯ ಅರಸನ ಮಾತು, ಅಲ್ಲಿ ಅರಸನ ಹೆಸರಿಗಷ್ಟೇ ಜಾಗ. ಅಕ್ಬರನ ಕಾಲದಲ್ಲಿ ಉಕ್ಕಿನ ಅಚ್ಚಿನ ಮೇಲೆ ಅಕ್ಷರ ಕೊರೆಯುತ್ತಿದ್ದ ದೆಹಲಿಯ ಮೌಲಾನಾ ಅಲಿ ಅಹ್ಮದ್‌ಗೆ ಸರಿಸಾಟಿ ಬೇರೆಲ್ಲೂ ಇಲ್ಲವೆಂದು ಐನ್-ಎ-ಅಕ್ಬರಿ ಹೊಗಳುತ್ತದೆ. ಆ ಹೊಗಳಿಕೆ ಗ್ರಂಥದಲ್ಲೇ ಉಳಿಯಿತು, ನಾಣ್ಯದ ಮೇಲೆ ಬರಲಿಲ್ಲ.

1835ರಲ್ಲಿ ಕಂಪನಿ ತನ್ನ ಆಳ್ವಿಕೆಯ ಉದ್ದಗಲಕ್ಕೂ ಒಂದೇ ಬಗೆಯ ರೂಪಾಯಿ ತಂದಿತು. ನಾಲ್ಕನೆಯ ವಿಲಿಯಂ ದೊರೆಯ ತಲೆಯಿದ್ದ ಆ ರೂಪಾಯಿಗಳಲ್ಲಿ ಕೆಲವಕ್ಕೆ ‘ಎಫ್’, ಕೆಲವಕ್ಕೆ ‘ಆರ್.ಎಸ್.’ ಎಂಬ ಗುರುತಿದೆ. ಕಲ್ಕತ್ತಾ ಟಂಕಸಾಲೆಯ ಮುಖ್ಯಸ್ಥರಾಗಿದ್ದ ಫೋರ್ಬ್ಸ್ ಮತ್ತು ಸಾಂಡರ್ಸ್ ಎಂದು ಸಂಗ್ರಾಹಕರು ಅದನ್ನು ಓದುತ್ತಾರೆ. ಅಂದರೆ ನಮ್ಮ ರೂಪಾಯಿಯ ಮೇಲೆ ಮೊದಲು ಬಿದ್ದ ರುಜು ಅಧಿಕಾರಿಗಳದು. ಕಲಾವಿದನ ಸರದಿ ಬಂದದ್ದು ಐದು ವರ್ಷದ ನಂತರ, ವಯನ್‌ನಿಂದ.

ಆ ಎರಡಕ್ಷರದ ಹಿಂದಿನ ದುಡಿಮೆ ಸಣ್ಣದಲ್ಲ. ಅಚ್ಚಿನಲ್ಲಿ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲು. ನಾಣ್ಯದಲ್ಲಿ ಉಬ್ಬಬೇಕಾದ ಮೂಗು ಅಚ್ಚಿನಲ್ಲಿ ಗುಳಿ. ಮುಂದೆ ದೊಡ್ಡ ಮಾದರಿ ಮಾಡಿ ಯಂತ್ರದಲ್ಲಿ ಕಿರಿದುಗೊಳಿಸುವ ಪದ್ಧತಿ ಬಂತು. ಆಗಲೂ ರೂಪಾಯಿಯಗಲದಲ್ಲಿ ಯಾವ ಗೆರೆ ಉಳಿದೀತು, ಯಾವುದು ಅಳಿಸಿಹೋದೀತು ಎಂದು ಮೊದಲೇ ಕಾಣಬಲ್ಲವನೇ ಬೇಕಿತ್ತು.

ಮುಂಬಯಿಯಲ್ಲೇ ಹುಟ್ಟಿ ಇಂಥ ರುಜು ಹೊತ್ತ ನಾಣ್ಯವೂ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಫೋರ್ಟಿನ ಟಂಕಸಾಲೆ ರಾಯಲ್ ಮಿಂಟಿನ ಶಾಖೆಯಾಗಿ ಸುಮಾರು 13 ಲಕ್ಷ ಚಿನ್ನದ ಸಾವರಿನ್ ಹೊಡೆಯಿತು. ನಮ್ಮ ಮನೆಗಳಲ್ಲಿ ಪವನು ಅನ್ನುತ್ತಾರಲ್ಲ, ಅದೇ. ಐದನೆಯ ಜಾರ್ಜ್ ದೊರೆಯ ಕೊರಳ ಬಳಿ ‘ಬಿ.ಎಂ.’, ಅಂದರೆ ಬರ್ಟ್ರಮ್ ಮೆಕೆನಾಲ್. ಹಿಂಬದಿಯಲ್ಲಿ ಕುದುರೆಯೇರಿದ ಸಂತ ಜಾರ್ಜ್ ಡ್ರ್ಯಾಗನ್ನನ್ನು ಕೊಲ್ಲುವ ಚಿತ್ರದಡಿ ‘ಬಿ.ಪಿ.’, 1817ರಲ್ಲಿ ಆ ಚಿತ್ರ ಕೊಟ್ಟ ಇಟಲಿಯ ಬೆನೆಡೆಟ್ಟೊ ಪಿಸ್ಟ್ರುಚ್ಚಿ. ಇಸವಿಯ ಮೇಲೆ ಇಂಡಿಯಾದ ಗುರುತಾಗಿ ಒಂದು ‘ಐ’. ಇಬ್ಬರು ಕಲಾವಿದರು, ಒಂದು ದೇಶ ಆ ಬಂಗಾರದ ಮೇಲಿದ್ದಾರೆ. ಅದನ್ನು ಕಾಯಿಸಿ, ಒತ್ತಿ, ತೂಗಿದ ಮುಂಬಯಿಯ ಕೈಗಳ ಗುರುತು ಎಲ್ಲೂ ಇಲ್ಲ. ಇದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಹೆಸರು ಬರೆದರೆ ಜನ ಒಪ್ಪಿಯೇ ಬಿಡುತ್ತಾರೆ ಅಂತಲೂ ಅಲ್ಲ. ಅಮೆರಿಕದಲ್ಲಿ 1909ರ ಲಿಂಕನ್ ಸೆಂಟಿನ ಹಿಂಬದಿಯಲ್ಲಿ ವಿಕ್ಟರ್ ಡೇವಿಡ್ ಬ್ರೆನರ್ ‘ವಿ.ಡಿ.ಬಿ.’ ಎಂದು ಹಾಕಿದ್ದಕ್ಕೆ ಗದ್ದಲವೆದ್ದು, ಕೆಲವೇ ದಿನಗಳಲ್ಲಿ ತೆಗೆಸಿದರು. 1918ರಲ್ಲಿ ಅದು ಲಿಂಕನ್ನನ ಭುಜದಂಚಿಗೆ ಮರಳಿತು, ಕಂಡೂ ಕಾಣದಷ್ಟು ಚಿಕ್ಕದಾಗಿ. 1946ರ ಡೈಮಿನ, ಅಂದರೆ ಹತ್ತು ಸೆಂಟಿನ ನಾಣ್ಯದ, ಮೇಲಿನ ‘ಜೆ.ಎಸ್.’ ಎಂದರೆ ಜೋಸೆಫ್ ಸ್ಟಾಲಿನ್ ಎಂಬ ಪುಕಾರೂ ಎದ್ದಿತ್ತು. ಅದು ಪಾಪ, ವಿನ್ಯಾಸಕಾರ ಜಾನ್ ಸಿನಾಕ್‌ನ ಹೆಸರು.

ಸ್ವತಂತ್ರ ಭಾರತದ ಚಲಾವಣೆ ನಾಣ್ಯಗಳಲ್ಲಿ ಟಂಕಸಾಲೆಗೆ ಗುರುತುಂಟು: ಇಸವಿಯ ಕೆಳಗೆ ವಜ್ರಾಕಾರವಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕಿಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ವಿನ್ಯಾಸಕಾರರಿಗೆ ಗುರುತಿಲ್ಲ. 2010ರಲ್ಲಿ ಒಪ್ಪಿಗೆಯಾದ ರೂಪಾಯಿ ಚಿಹ್ನೆ, ಮುಂಬಯಿಯ ಪೊವಾಯಿಯ ಐಐಟಿಯಲ್ಲಿ ಕಲಿತ ಉದಯ ಕುಮಾರ್ ಅವರದು. 2011ರಿಂದ ನಾಣ್ಯಗಳ ಮೇಲೆ ಬಂದ ಆ ಚಿಹ್ನೆಯ ಪಕ್ಕ ಅವರ ಅಕ್ಷರವಿಲ್ಲ. 2019ರಲ್ಲಿ ಬಿಡುಗಡೆಯಾದ ಹೊಸ ಸರಣಿಯನ್ನು, ಕಣ್ಣು ಕಾಣದವರೂ ಮುಟ್ಟಿ ಗುರುತಿಸುವಂತೆ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ರೂಪಿಸಿತು. ಬೆರಳಿನಿಂದಲೇ ನಾಣ್ಯ ಓದುತ್ತಿದ್ದ ನನ್ನ ದೊಡ್ಡಪ್ಪ ಅದನ್ನು ಮೆಚ್ಚುತ್ತಿದ್ದರು, ಯಾರು ಮಾಡಿದ್ದು ಮಾರಾಯ ಎಂದು ಖಂಡಿತ ಕೇಳುತ್ತಿದ್ದರು. ನಾಣ್ಯದಲ್ಲಿ ಉತ್ತರವಿಲ್ಲ. ಹನ್ನೆರಡು ಮೂಲೆಯ 20 ರೂಪಾಯಿಯನ್ನು ಕೈಯಲ್ಲಿ ಹಿಡಿದು ನೋಡಿದೆ. 27 ಮಿಲಿಮೀಟರ್ ಅಗಲವಿದೆ. ಅದರ ತೆನೆಯ ಬುಡದಲ್ಲಿ ಸಾಸಿವೆಗಿಂತ ಚಿಕ್ಕ ಎರಡಕ್ಷರ ಧಾರಾಳವಾಗಿ ಹಿಡಿಸುತ್ತದೆ.