ಗೆಸ್ಟ್ ಪೋಸ್ಟ್ ಹಾಕಿಸಿದರೆ ಡೊಂಬಿವಲಿಯಲ್ಲಿ ಗಿರಾಕಿ ಬರ್ತಾರಾ?

ಮುಂಬಯಿಯಲ್ಲಿ ಹೋಟೆಲ್ಲೋ, ಕೇಟರಿಂಗೋ, ಟ್ಯೂಷನ್ ಕ್ಲಾಸೋ ನಡೆಸುವ ನಮ್ಮ ಕನ್ನಡಿಗರ ವಾಟ್ಸಾಪ್ ತೆರೆದರೆ ಇಂಥದ್ದೊಂದು ಮೆಸೇಜ್ ಸಿಕ್ಕೇ ಸಿಗುತ್ತದೆ. ಒಂದು ಎಕ್ಸೆಲ್ ಶೀಟು. ಎಡಗಡೆ ಸಾಲುಸಾಲು ವೆಬ್‌ಸೈಟುಗಳ ಹೆಸರು, ನಡುವೆ ‘ಡಿಎ’ ಅಂತ ಸೈಟಿನ ತೂಕ ಹೇಳುವ ಒಂದು ಅಂಕಿ, ಬಲಗಡೆ ರೇಟು. ಡಿಎ ಜಾಸ್ತಿಯಾದಷ್ಟೂ ರೇಟೂ ಜಾಸ್ತಿ. ಲೇಖನ ನಾವೇ ಬರೀತೇವೆ, ನಿಮ್ಮ ವೆಬ್‌ಸೈಟಿಗೆ ಲಿಂಕ್ ಹಾಕ್ತೇವೆ, ಕೆಲವೇ ತಿಂಗಳಲ್ಲಿ ಗೂಗಲ್‌ನಲ್ಲಿ ನಿಮ್ಮ ಏರಿಯಾಕ್ಕೆ ನೀವೇ ನಂಬರ್ ಒನ್ ಅನ್ನುವ ಮಾತು ಕೆಳಗಡೆ.

ಇದಕ್ಕೆ ಗೆಸ್ಟ್ ಪೋಸ್ಟ್ ಅಂತಾರೆ. ಇನ್ನೊಬ್ಬರ ಬ್ಲಾಗಿನಲ್ಲಿ ನಾವು ಹೋಗಿ ಬರೆಯುವುದು. ಅದರಲ್ಲಿ ತಪ್ಪೇನಿಲ್ಲ, ಪತ್ರಿಕೆಗಳಲ್ಲಿ ಎಲ್ಲರೂ ಮಾಡಿಕೊಂಡು ಬಂದದ್ದೇ. ಆದರೆ ಅದು ಹೀಗೆ ರೇಟು ಕಟ್ಟಿ ಮಾರುವ ಮಾಲಾಗಿದ್ದು ಹೇಗೆ? ಅದರಿಂದ ಗಿರಾಕಿ ನಿಜಕ್ಕೂ ಬರ್ತಾರಾ? ನನ್ನ ಕೇಳಿದರೆ, ದುಡ್ಡು ಕೊಟ್ಟು ಕೊಂಡ ಲೇಖನದಿಂದ ಬರುವುದಿಲ್ಲ, ನಮ್ಮ ಏರಿಯಾದವರು ಓದುವ ಕಡೆ ಬರೆದದ್ದರಿಂದ ಬರಬಹುದು. ಯಾಕೆ ಅಂತ ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ಹುಡುಗರು, ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್, ಗೂಗಲ್ ಶುರುಮಾಡಿದರು. ಅಲ್ಲಿಯವರೆಗಿನ ಸರ್ಚ್ ಎಂಜಿನ್‌ಗಳು ಹೆಚ್ಚಾಗಿ ಪುಟದಲ್ಲಿ ಯಾವ ಶಬ್ದ ಎಷ್ಟು ಸಲ ಇದೆ ಅಂತ ನೋಡುತ್ತಿದ್ದವು. ಇವರು ಬೇರೆ ಯೋಚನೆ ಮಾಡಿದರು. ಒಂದು ಪುಟಕ್ಕೆ ಇನ್ನೊಂದು ಪುಟ ಲಿಂಕ್ ಕೊಟ್ಟರೆ ಅದು ಒಂದು ಓಟು ಇದ್ದ ಹಾಗೆ. ಹೆಸರಿರುವ ಪುಟದ ಓಟಿಗೆ ತೂಕ ಜಾಸ್ತಿ. ಇದಕ್ಕೆ ಪೇಜ್‌ರ‍್ಯಾಂಕ್ ಅಂತ ಹೆಸರು.

ಓಟು ಅಂದ ಮೇಲೆ ಓಟಿನ ವ್ಯಾಪಾರವೂ ಶುರುವಾಗಬೇಕಲ್ಲ. 2000ದ ಕೊನೆಗೆ ಗೂಗಲ್ ಬ್ರೌಸರಿಗೆ ಒಂದು ಟೂಲ್‌ಬಾರ್ ಕೊಟ್ಟಿತು. ಅದರಲ್ಲಿ ಯಾವ ಪುಟ ತೆರೆದರೂ ಸೊನ್ನೆಯಿಂದ ಹತ್ತರವರೆಗೆ ಅದರ ರ‍್ಯಾಂಕು ಒಂದು ಹಸಿರು ಪಟ್ಟಿಯಲ್ಲಿ ಕಾಣುತ್ತಿತ್ತು. ಎಲ್ಲರ ಕಣ್ಣಿಗೆ ಬೀಳುವ ಅಂಕಿ ಸಿಕ್ಕಿದ್ದೇ ತಡ, ಅದಕ್ಕೆ ಬೆಲೆ ಕಟ್ಟುವವರು ಹುಟ್ಟಿಕೊಂಡರು. ರ‍್ಯಾಂಕ್ ಆರರ ಸೈಟಿನಿಂದ ಒಂದು ಲಿಂಕಿಗೆ ಇಷ್ಟು, ನಾಲ್ಕರದ್ದಕ್ಕೆ ಅಷ್ಟು. 2016ರಲ್ಲಿ ಗೂಗಲ್ ಆ ಪಟ್ಟಿಯನ್ನೇ ಕಿತ್ತು ಹಾಕಿತು. ಆಮೇಲೆ ಆ ಜಾಗಕ್ಕೆ ಬಂದದ್ದೇ ಡಿಎ, ಅಂದರೆ ಡೊಮೈನ್ ಅಥಾರಿಟಿ. ತಮಾಷೆ ಏನೆಂದರೆ ಅದು ಗೂಗಲ್‌ನ ಅಂಕಿಯೇ ಅಲ್ಲ. ಒಂದು ಸೈಟು ಸರ್ಚ್‌ನಲ್ಲಿ ಎಷ್ಟು ಮೇಲೆ ಬರಬಹುದು ಅಂತ ಮಾಜ್ ಅನ್ನುವ ಬೇರೆ ಕಂಪನಿ ಹಾಕುವ ಅಂದಾಜು. ಅದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ ಗೂಗಲ್‌ನವರು ಹೇಳಿಯೂ ಆಗಿದೆ.

ಮೊದಮೊದಲು ಲಿಂಕ್ ಬೇಕಾದವರು ಕಂಡಕಂಡ ಬ್ಲಾಗಿನ ಕೆಳಗೆ ಕಮೆಂಟ್ ಸುರಿಯುತ್ತಿದ್ದರು. ಅದಕ್ಕೆ 2005ರ ಜನವರಿಯಲ್ಲಿ ಗೂಗಲ್, ಯಾಹೂ, ಎಂಎಸ್‌ಎನ್ ಮೂರೂ ಸೇರಿ ‘ನೋಫಾಲೋ’ ಅನ್ನುವ ಗುರುತು ತಂದವು. ಆ ಗುರುತಿರುವ ಲಿಂಕಿಗೆ ಓಟಿಲ್ಲ. ಸರಿ, ಜನ ಆರ್ಟಿಕಲ್ ಡೈರೆಕ್ಟರಿಗಳ, ಅಂದರೆ ಯಾರ ಲೇಖನವನ್ನೂ ಹಾಕಿಕೊಳ್ಳುವ ಸೈಟುಗಳ ಕಡೆ ಹೋದರು. ಒಂದೇ ಲೇಖನವನ್ನು ಅಲ್ಲಲ್ಲಿ ಶಬ್ದ ಬದಲಿಸಿ ನೂರು ಕಡೆ ಹಾಕುವುದು. 2011ರ ಫೆಬ್ರವರಿಯಲ್ಲಿ ಗೂಗಲ್‌ನ ಲೆಕ್ಕಾಚಾರದಲ್ಲಿ ಪಾಂಡಾ ಅನ್ನುವ ಬದಲಾವಣೆ ಬಂತು, ಅವೂ ಬಿದ್ದುಹೋದವು. 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಬಂತು, ಕೊಂಡ ಲಿಂಕುಗಳಿಗೆ ನೇರ ಪೆಟ್ಟು. ಆಗ ಉಳಿದ ದಾರಿ ಗೆಸ್ಟ್ ಪೋಸ್ಟ್ ಒಂದೇ. ಅಲ್ಲಿ ನಿಜವಾದ ಬ್ಲಾಗ್ ಇದೆ, ಓದಿ ಆರಿಸುವ ಮನುಷ್ಯನಿದ್ದಾನೆ, ಗೂಗಲ್ ಏನೂ ಮಾಡಲಾರದು ಅಂತ ಎಲ್ಲರಿಗೂ ಧೈರ್ಯ. ಎರಡೇ ವರ್ಷದಲ್ಲಿ ಅದನ್ನೂ ಕೆಡಿಸಿಟ್ಟರು.

2014ರ ಜನವರಿಯಲ್ಲಿ ಗೂಗಲ್‌ನ ಸ್ಪ್ಯಾಮ್ ತಡೆಯುವ ತಂಡದ ಮುಖ್ಯಸ್ಥ ಮ್ಯಾಟ್ ಕಟ್ಸ್ ತಮ್ಮ ಬ್ಲಾಗಿನಲ್ಲಿ ಖಡಕ್ಕಾಗಿ ಬರೆದರು. ಲಿಂಕಿಗೋಸ್ಕರ ಗೆಸ್ಟ್ ಪೋಸ್ಟ್ ಬರೆಯುತ್ತಿದ್ದರೆ ಇವತ್ತೇ ನಿಲ್ಲಿಸಿ, ಅದರ ಕಥೆ ಮುಗಿಯಿತು ಅಂತ. ಗಲಾಟೆಯಾಯಿತು. ಆಮೇಲೆ ಅವರೇ ಬಿಡಿಸಿ ಹೇಳಿದರು: ಒಳ್ಳೆಯ ಉದ್ದೇಶದಿಂದ ಬೇರೆಯವರ ಕಡೆ ಬರೆಯುವುದಕ್ಕೆ ನನ್ನ ತಕರಾರಿಲ್ಲ, ರ‍್ಯಾಂಕಿಂಗಿಗಾಗಿ ಬರೆಯುವುದಕ್ಕೆ ಮಾತ್ರ. ಅದೇ ಮಾರ್ಚ್‌ನಲ್ಲಿ ಬರೆಯುವವರನ್ನೂ ಬ್ಲಾಗಿನವರನ್ನೂ ಜೋಡಿಸುತ್ತಿದ್ದ ಮೈಬ್ಲಾಗ್‌ಗೆಸ್ಟ್ ಅನ್ನುವ ದೊಡ್ಡ ಸೈಟಿಗೆ ಗೂಗಲ್ ಶಿಕ್ಷೆ ಕೊಟ್ಟಿತು.

ಮುಗಿದ ಕಥೆ ಮುಂಬಯಿಯ ಎಕ್ಸೆಲ್ ಶೀಟಿಗೆ ಹೇಗೆ ಬಂತು? ಅದಕ್ಕೆ ಇನ್ನೊಂದು ಎಳೆ ಹಿಡಿಯಬೇಕು.

ಈ ಊರಲ್ಲಿ ‘ನಮ್ಮ ಹತ್ತಿರ ಏನಿದೆ’ ಅಂತ ಹುಡುಕುವುದು ಗೂಗಲ್ ಬಂದ ಮೇಲೆ ಶುರುವಾದದ್ದಲ್ಲ. 1996ರಲ್ಲೇ ಇಲ್ಲಿ ಜಸ್ಟ್‌ಡಯಲ್ ಬಂದಿತ್ತು, ಫೋನ್ ಮಾಡಿ ಕೇಳಿದರೆ ಪ್ಲಂಬರನ ನಂಬರ್ ಹೇಳುತ್ತಿದ್ದರು. ನಮ್ಮವರಿಗಂತೂ ಅದಕ್ಕೂ ಮೊದಲೇ ಬೇರೆ ದಾರಿಗಳಿದ್ದವು. ಸಂಘಗಳ ವಾರ್ಷಿಕೋತ್ಸವದ ಸ್ಮರಣ ಸಂಚಿಕೆ, ಜಾತಿ ಸಂಘಗಳ ಮಾಸಿಕ, ‘ಕರ್ನಾಟಕ ಮಲ್ಲ’ದಂಥ ದಿನಪತ್ರಿಕೆ. ಮದುವೆಗೆ ಅಡುಗೆಯವರು ಬೇಕಾದರೆ ಇವುಗಳ ಕೊನೆಯ ಜಾಹೀರಾತು ಪುಟಗಳನ್ನು ತಿರುವಿ ಹಾಕಿದರೆ ಆಯಿತು.

ಗೂಗಲ್ 2004ರಲ್ಲಿ ಅಮೆರಿಕದಲ್ಲಿ ಲೋಕಲ್ ಸರ್ಚ್ ತಂದಿತು, 2005ರಲ್ಲಿ ಮ್ಯಾಪ್ಸ್. 2014ರ ಜೂನ್‌ನಲ್ಲಿ ಅಂಗಡಿಯವರು ತಮ್ಮ ವಿಳಾಸ, ಫೋನ್ ನಂಬರ್ ಹಾಕಿಡುವ ಗೂಗಲ್ ಮೈ ಬಿಸಿನೆಸ್ ಬಂತು, ಅದೇ ಈಗಿನ ಬಿಸಿನೆಸ್ ಪ್ರೊಫೈಲ್. ಮುಂದಿನ ತಿಂಗಳು ಬಂದ ಬದಲಾವಣೆಗೆ ಸೈಟುಗಳನ್ನು ಗೂಗಲ್‌ನಲ್ಲಿ ಮೇಲೆ ತರುವ ಕಸುಬಿನವರು ಪಿಜನ್ ಅಂತ ಹೆಸರಿಟ್ಟರು. ಮೊದಲು ಅಮೆರಿಕದಲ್ಲಿ, ಆಮೇಲೆ ಬೇರೆ ಕಡೆ. ಅದರಿಂದ ಲೋಕಲ್ ಫಲಿತಾಂಶ ಮಾಮೂಲಿ ವೆಬ್ ರ‍್ಯಾಂಕಿಂಗಿಗೆ ಇನ್ನಷ್ಟು ಹತ್ತಿರವಾಯಿತು. ಅಂದರೆ ಲಿಂಕಿನ ಬಲ ಇರುವ ಅಂಗಡಿ ಲೋಕಲ್ ಪಟ್ಟಿಯಲ್ಲೂ ಮೇಲೆ. ಜನವರಿಯಲ್ಲಿ ಬಾಗಿಲಲ್ಲಿ ಹೊರಗೆ ಹಾಕಿದವರನ್ನು ಜುಲೈಯಲ್ಲಿ ಕಿಟಕಿಯಿಂದ ಒಳಗೆ ಬಿಟ್ಟ ಹಾಗಾಯಿತು. 2015ರ ಆಗಸ್ಟ್‌ನಲ್ಲಿ ಮ್ಯಾಪಿನ ಜೊತೆ ಕಾಣುತ್ತಿದ್ದ ಏಳು ಹೆಸರುಗಳು ಮೂರಕ್ಕೆ ಇಳಿದವು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು, ಲೋಕಲ್ ಟ್ರೇನಿನಲ್ಲಿ ನೇತಾಡಿಕೊಂಡೇ ಎಲ್ಲರೂ ಹುಡುಕಲು ಶುರುಮಾಡಿದರು. ಮೂರೇ ಸೀಟು, ಸಾವಿರ ಜನ. ಲಿಂಕ್ ಮಾರುವವರಿಗೆ ಇನ್ನೇನು ಬೇಕು?

ಈ ಮೂರು ಸೀಟು ಯಾರಿಗೆ ಅನ್ನುವುದಕ್ಕೆ ಗೂಗಲ್ ತಾನೇ ಮೂರು ಮಾತು ಹೇಳಿದೆ. ಹುಡುಕಿದ್ದಕ್ಕೂ ನಿಮ್ಮ ವ್ಯವಹಾರಕ್ಕೂ ಸಂಬಂಧ ಇರಬೇಕು, ಹುಡುಕುವವನಿಗೆ ನೀವು ಹತ್ತಿರ ಇರಬೇಕು, ನಿಮಗೆ ಹೆಸರಿರಬೇಕು. ಲೇಖನ, ಲಿಂಕು, ರಿವ್ಯೂ ಎಲ್ಲ ಬರುವುದು ಈ ಮೂರನೆಯದರಲ್ಲಿ. ದೂರವನ್ನು ಯಾವ ಲೇಖನವೂ ಕಡಿಮೆ ಮಾಡುವುದಿಲ್ಲ. ಬಾಂದ್ರಾದಲ್ಲಿ ಕೂತು ‘ಕೇಟರಿಂಗ್’ ಅಂತ ಹುಡುಕಿದವನ ಮ್ಯಾಪಿನಲ್ಲಿ ಅಷ್ಟು ದೂರದ ಕಲ್ಯಾಣದವರು ಬರುವುದು ಕಷ್ಟ, ಲೇಖನ ಐವತ್ತಿರಲಿ ನೂರಿರಲಿ. ಇದನ್ನು ಆ ಶೀಟು ಕಳಿಸುವವರು ಯಾವತ್ತೂ ಹೇಳುವುದಿಲ್ಲ.

ಹೆಸರು ಅಂದರೆ ಏನು ಅಂತ ನೋಡಬೇಕಾದರೆ ಮಾಟುಂಗಾ ಸ್ಟೇಷನ್ ಪಕ್ಕದ ಮಾರ್ಕೆಟ್ ಕಟ್ಟಡದ ಮಹಡಿಗೆ ಹೋಗಿ. ಎ. ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರದ್ದು. ಬಾಳೆಲೆ ಊಟದ ಬಗ್ಗೆ ಪತ್ರಿಕೆಯವರು ಬರೆದಿದ್ದಾರೆ, ಊರು ಸುತ್ತುವವರು ಬರೆದಿದ್ದಾರೆ. ಊಟ ಮಾಡಿದವರು ಖುಷಿಯಿಂದ ಬರೆದದ್ದು ಅದೆಲ್ಲ. ಗೂಗಲ್ ಎಣಿಸಲು ಹೊರಟದ್ದೂ ಇಂಥದ್ದನ್ನೇ.

ಈಗ ಕೊಂಡದ್ದು ಹೇಗಿರುತ್ತದೆ ನೋಡಿ. ಮುಂಬಯಿ ಹೊರವಲಯದ ಡೊಂಬಿವಲಿಯಲ್ಲಿ ಕೇಟರಿಂಗ್ ಮಾಡುವ ನನ್ನ ಪರಿಚಯದವರೊಬ್ಬರಿಗೆ ಒಂದು ಏಜೆನ್ಸಿ ಲೇಖನ ಹಾಕಿಸಿಕೊಟ್ಟಿತ್ತು. ಲಿಂಕ್ ಒತ್ತಿ ಓದಿದೆ. ಅಮೆರಿಕದ ತೋಟಗಾರಿಕೆಯ ಸೈಟು. ಚಳಿಗಾಲದಲ್ಲಿ ಮನೆ ಮುಂದಿನ ಹುಲ್ಲು ಹಾಳಾಗದಂತೆ ನೋಡಿಕೊಳ್ಳುವುದು ಹೇಗೆ ಅಂತ ಲೇಖನ. ಮೂರನೇ ಪ್ಯಾರಾದಲ್ಲಿ ತೋಟದಲ್ಲಿ ಪಾರ್ಟಿ ಇಟ್ಟುಕೊಂಡರೆ ಅಂತ ಒಂದು ವಾಕ್ಯ ಶುರುವಾಗಿ, ಅದರ ನಡುವೆ ‘ಡೊಂಬಿವಲಿ ಪೂರ್ವದ ಬೆಸ್ಟ್ ಕೇಟರರ್ಸ್’ ಅಂತ ನೀಲಿ ಅಕ್ಷರ. ಹಿಮ ಬೀಳುವ ಊರಲ್ಲಿ ಕೂತು ಅದನ್ನು ಓದಿದವನು ಕೋರಿ ರೊಟ್ಟಿಗೆ ಆರ್ಡರ್ ಕೊಡ್ತಾನಾ?

ಇಂಥ ಲಿಂಕಿನಿಂದ ಪೆಟ್ಟು ಬಿದ್ದಿದ್ದರೆ ಒಂದು ರೀತಿ ಒಳ್ಳೆಯದಿತ್ತು, ಮೋಸ ಗೊತ್ತಾಗುತ್ತಿತ್ತು. 2016ರ ಸೆಪ್ಟೆಂಬರ್‌ನಿಂದ ಪೆಂಗ್ವಿನ್ ಗೂಗಲ್‌ನ ಮುಖ್ಯ ಲೆಕ್ಕಾಚಾರದಲ್ಲೇ ಸೇರಿಹೋಗಿದೆ, ಕೆಟ್ಟ ಲಿಂಕನ್ನು ಹೆಚ್ಚಾಗಿ ಸುಮ್ನೆ ಸೊನ್ನೆ ಅಂತ ಬಿಟ್ಟುಬಿಡುತ್ತದೆ. ಮೇಲೂ ಇಲ್ಲ, ಕೆಳಗೂ ಇಲ್ಲ. ದುಡ್ಡು ಕೊಟ್ಟವರಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ, ಏಜೆನ್ಸಿಯವರು ಇನ್ನೂ ಹತ್ತು ಹಾಕಿಸೋಣ ಅನ್ನುತ್ತಾರೆ. ಈ ವ್ಯಾಪಾರ ಇಷ್ಟು ವರ್ಷ ಉಳಿದದ್ದು ಇದರಿಂದಲೇ ಅನಿಸುತ್ತದೆ ನನಗೆ.

ನಿಯಮಗಳೇನೋ ಬಿಗಿಯಾಗುತ್ತಲೇ ಇವೆ. 2019ರಲ್ಲಿ ದುಡ್ಡಿನ ಲಿಂಕಿಗೆ ‘ಸ್ಪಾನ್ಸರ್ಡ್’ ಅನ್ನುವ ಗುರುತು ಬಂತು. 2024ರ ಮಾರ್ಚ್‌ನಲ್ಲಿ ಇನ್ನೂ ಕೆಲವು, ಅವುಗಳಲ್ಲಿ ಎರಡು: ರಾಶಿರಾಶಿ ಲೇಖನ ಹುಟ್ಟಿಸುವುದು ತಪ್ಪು, ಯಂತ್ರ ಬರೆದರೂ ಮನುಷ್ಯ ಬರೆದರೂ. ಹೆಸರಿರುವ ಸೈಟಿನ ಒಂದು ಮೂಲೆಯನ್ನು ಬಾಡಿಗೆಗೆ ಹಿಡಿದು ಆ ಹೆಸರಿನ ಲಾಭ ಪಡೆಯುವುದೂ ತಪ್ಪು.

ಆ ಕೇಟರಿಂಗಿನವರು ಆಮೇಲೆ ಮಾಡಿದ್ದು ಬೇರೆ. ತಮ್ಮ ಸಮಾಜದ ಮಾಸಿಕದ ಚೌತಿ ಸಂಚಿಕೆಗೆ, ಮುನ್ನೂರು ಜನರಿಗೆ ಪತ್ರೊಡೆ ಮಾಡುವುದು ಹೇಗೆ ಅಂತ ಬರೆದುಕೊಟ್ಟರು. ಎಲೆ ಎಂಥದ್ದು ಆರಿಸಬೇಕು, ದಂಟಿನ ನಾರು ಯಾಕೆ ತೆಗೆಯಬೇಕು, ಗಂಟಲು ತುರಿಸದಿರಲು ಮಸಾಲೆಗೆ ಹುಣಿಸೆಹಣ್ಣು ಎಷ್ಟು ಧಾರಾಳ ಬೇಕು. ಮನೆಯಲ್ಲಿ ಹತ್ತು ಜನಕ್ಕೆ ಮಾಡುವ ಲೆಕ್ಕ ಹಂಡೆಯಲ್ಲಿ ಹೇಗೆ ಕೈಕೊಡುತ್ತದೆ ಅನ್ನುವುದನ್ನು ಕೈಯಾರೆ ಮಾಡಿದವರೇ ಬರೆಯಬೇಕು. ಕೆಳಗೆ ಹೆಸರು, ಏರಿಯಾ, ಫೋನ್ ನಂಬರ್. ಮ್ಯಾಪಿನಲ್ಲಿ ಮೇಲೆ ಬಂದರೋ ಇಲ್ಲವೋ, ಮುಲುಂಡ್‌ನಿಂದಲೂ ಥಾಣೆಯಿಂದಲೂ ನೇರ ಫೋನ್ ಬಂತು. ಓದಿದವರೆಲ್ಲ ಇಲ್ಲೇ ಊಟ ಹಾಕಿಸುವವರು ತಾನೇ.

ಒಂದು ತೊಡಕು ಮಾತ್ರ ನಮ್ಮ ಕಡೆಯದು. ಸಂಘಗಳ ಎಷ್ಟೋ ಮಾಸಿಕಗಳು ನೆಟ್ಟಿಗೆ ಏರುವುದು ಪಿಡಿಎಫ್ ಆಗಿ, ಇಲ್ಲವೇ ಪುಟದ ಫೋಟೋ ಆಗಿ. ಅದರಲ್ಲೂ ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು. ಕಣ್ಣಿಗೆ ಕನ್ನಡ, ಒಳಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಅಂಥ ಪುಟವನ್ನು ಗೂಗಲ್ ಕನ್ನಡ ಅಂತ ಓದುವುದು ಕಷ್ಟ. ಅದಕ್ಕೇ ಲೇಖನ ಕೊಡುವಾಗ ಸಂಪಾದಕರ ಹತ್ತಿರ ಒಂದು ಮಾತು ಹೇಳಿಡಿ: ಅಚ್ಚಿನ ಸಂಚಿಕೆ ನಿಮ್ಮಿಷ್ಟದ ಹಾಗೆ ಮಾಡಿ, ವೆಬ್‌ಸೈಟಿನಲ್ಲಿ ಮಾತ್ರ ಲೇಖನವನ್ನು ಯುನಿಕೋಡ್‌ನಲ್ಲಿ, ಬೇರೆಯೇ ಒಂದು ಪುಟವಾಗಿ ಹಾಕಿ. ಟೈಪ್ ಮಾಡಲು ಜನ ಇಲ್ಲ ಅಂದರೆ ನೀವೇ ಫೋನಿನಲ್ಲಿ ಟೈಪ್ ಮಾಡಿ ಕಳಿಸಿಬಿಡಿ.