ವೆಂಟಿಲೇಟರಿನ ಉಸಿರಿನಲ್ಲೇ ಇರುವ ಪರೀಕ್ಷೆ

1832ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಥಾಮಸ್ ಲಾಟಾ ಕಾಲರಾದಿಂದ ನಿತ್ರಾಣರಾದವರ ರಕ್ತನಾಳಕ್ಕೆ ಉಪ್ಪುನೀರು ಹರಿಸಿ ಕೆಲವರನ್ನು ಬದುಕಿಸಿದರು. ಅವರ ದೇಹದ ನೀರೇ ಹೊರಟುಹೋಗಿದ್ದರಿಂದ ಆ ಚಿಕಿತ್ಸೆ ತಕ್ಕದ್ದಾಗಿತ್ತು. ಆದರೆ ರಕ್ತದೊತ್ತಡ ಕುಸಿದವರಿಗೆಲ್ಲ ಸಲೈನ್ ಏರಿಸಿದರೆ ಒಳಿತೇ ಆಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ತೀವ್ರ ನಿಗಾ ಘಟಕದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ಹೃದಯ ಮಾತ್ರ ಹೆಚ್ಚುವರಿ ದ್ರವ ದೊರೆತಾಗ ಹೆಚ್ಚು ರಕ್ತವನ್ನು ಹೊರದೂಡುತ್ತದೆ. ಉಳಿದವರಲ್ಲಿ ಆ ದ್ರವ ಶ್ವಾಸಕೋಶಕ್ಕೂ ಅಂಗಾಂಶಗಳಿಗೂ ಜಿನುಗಿ ತೊಂದರೆಯನ್ನೇ ಹೆಚ್ಚಿಸಬಹುದು.

ಹೃದಯದ ಸ್ನಾಯು ಒಂದು ಮಿತಿಯವರೆಗೆ ಹಿಗ್ಗಿದಷ್ಟೂ ಬಲವಾಗಿ ಸಂಕುಚಿಸುತ್ತದೆ, ಆ ಮಿತಿ ದಾಟಿದ ಮೇಲೆ ಎಷ್ಟು ತುಂಬಿಸಿದರೂ ಪ್ರಯೋಜನವಿಲ್ಲ. ಫ್ರಾಂಕ್ ಮತ್ತು ಸ್ಟಾರ್ಲಿಂಗ್ ಹೆಸರಿನ ಈ ನಿಯಮ ಎಲ್ಲ ವೈದ್ಯರಿಗೂ ಗೊತ್ತು. ಆದರೂ ಹೃದಯದ ಬಳಿಯ ದೊಡ್ಡ ಅಭಿಧಮನಿಯ ಒತ್ತಡವೊಂದನ್ನೇ ಅಳೆದು ದ್ರವ ಕೊಡುವ ರೂಢಿ ದಶಕಗಳ ಕಾಲ ನಡೆದುಬಂತು. ಒಂದೇ ಒತ್ತಡದಲ್ಲಿ ಒಬ್ಬರ ಹೃದಯಕ್ಕೆ ಇನ್ನೂ ಹಿಗ್ಗಲು ಅವಕಾಶವಿದ್ದರೆ ಇನ್ನೊಬ್ಬರದು ಮಿತಿ ಮುಟ್ಟಿರಬಹುದು ಎಂಬುದನ್ನು ಆ ಅಂಕಿ ಹೇಳುವುದೇ ಇಲ್ಲ.

ಹೇಳುವ ಸಾಮರ್ಥ್ಯವಿರುವುದು ವೆಂಟಿಲೇಟರಿಗೆ. ಅದು ಗಾಳಿಯನ್ನು ಒಳಗೆ ದೂಡಿದಾಗ ಎದೆಯೊಳಗಿನ ಒತ್ತಡ ಏರಿ, ಹೃದಯದ ಬಲಭಾಗಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಆ ಕೊರತೆ ಶ್ವಾಸಕೋಶವನ್ನು ದಾಟಿ ಕೆಲವು ಬಡಿತಗಳ ನಂತರ ಎಡಭಾಗವನ್ನು ತಲುಪುತ್ತದೆ. ಹಿಗ್ಗಲು ಅವಕಾಶವಿರುವ ಹೃದಯ ಈ ಏರಿಳಿತಕ್ಕೆ ಕುಣಿಯುತ್ತದೆ, ತುಂಬಿರುವ ಹೃದಯ ಹೆಚ್ಚೇನೂ ಅಲುಗುವುದಿಲ್ಲ. ಮಾನಿಟರಿನಲ್ಲಿ ಅಪಧಮನಿಯ ಅಲೆಗಳನ್ನು ಗಮನಿಸಿ: ಒಂದು ಉಸಿರಿನ ಅವಧಿಯಲ್ಲಿ, ಬುಡದಿಂದ ತುದಿಯವರೆಗೆ ಅಳೆದಾಗ, ಅತಿ ಎತ್ತರದ ಅಲೆ 50 ಮಿಲಿಮೀಟರ್ ಪಾದರಸದಷ್ಟು, ಅತಿ ಗಿಡ್ಡದು 40ರಷ್ಟು ಆಗಿದ್ದರೆ, ವ್ಯತ್ಯಾಸವಾದ 10ನ್ನು ಸರಾಸರಿಯಾದ 45ರಿಂದ ಭಾಗಿಸಿದಾಗ ಸುಮಾರು ಶೇ 22 ಬರುತ್ತದೆ. ಸುಮಾರು ಶೇ 13ನ್ನು ಮೀರಿದರೆ ದ್ರವದಿಂದ ಹೃದಯದ ಉತ್ಪಾದನೆ, ಅಂದರೆ ಅದು ನಿಮಿಷಕ್ಕೆ ಹೊರದೂಡುವ ರಕ್ತದ ಪ್ರಮಾಣ, ಹೆಚ್ಚುವ ಸಂಭವ ಹೆಚ್ಚು.

ಇದಕ್ಕೆ ಷರತ್ತುಗಳಿವೆ, ಅವನ್ನು ಮರೆತು ಅಂಕಿಯನ್ನಷ್ಟೇ ನಂಬುವುದೂ ಹೊಸ ಮೌಢ್ಯವೇ. ರೋಗಿ ತಾನಾಗಿ ಉಸಿರೆಳೆಯುತ್ತಿರಬಾರದು, ಹೃದಯದ ಲಯ ತಪ್ಪಿರಬಾರದು, ಪ್ರತಿ ಉಸಿರಿನ ಗಾಳಿ ಆದರ್ಶ ದೇಹತೂಕದ ಪ್ರತಿ ಕಿಲೋಗೆ 8 ಮಿಲಿಲೀಟರಿನಷ್ಟಾದರೂ ಇರಬೇಕು. ಶ್ವಾಸಕೋಶವನ್ನು ಕಾಪಾಡಲು ಇಂದು 6 ಮಿಲಿಲೀಟರನ್ನೇ ಕೊಡುವುದು ಸಾಮಾನ್ಯವಾದ್ದರಿಂದ, ಒಂದು ನಿಮಿಷ ಮಾತ್ರ 8ಕ್ಕೆ ಏರಿಸಿ ಬದಲಾವಣೆ ನೋಡುವ ಉಪಾಯವೂ ಬಂದಿದೆ. ಅದೂ ಸಾಧ್ಯವಿಲ್ಲದಿದ್ದರೆ ಅರ್ಧ ಒರಗಿದ ರೋಗಿಯ ಹಾಸಿಗೆಯನ್ನು ವಾಲಿಸಿ, ತಲೆಭಾಗ ಇಳಿಸಿ ಕಾಲುಗಳನ್ನು ಎತ್ತಿದರೆ ಸುಮಾರು 300 ಮಿಲಿಲೀಟರ್ ರಕ್ತ ಹೃದಯದತ್ತ ಸರಿಯುತ್ತದೆ. ಒಂದು ನಿಮಿಷದೊಳಗೆ ಹೃದಯದ ಉತ್ಪಾದನೆ ಶೇ 10ರಷ್ಟು ಹೆಚ್ಚಿತೇ ಎಂಬುದನ್ನು ಅಳೆದು, ಹೆಚ್ಚದಿದ್ದರೆ ಕಾಲನ್ನು ಇಳಿಸಿದರಾಯಿತು; ಹೊರಗಿನಿಂದ ಒಂದು ಹನಿಯೂ ಒಳಗೆ ಹೋಗಿರುವುದಿಲ್ಲ.