ಮೇ ತಿಂಗಳ ರಾಯಚೂರಿನಲ್ಲಿ ಒಂದು ಲ್ಯಾಬ್
ಲ್ಯಾಬುಗಳಲ್ಲಿ ಸಾಲ್ವೆಂಟ್ (ಬೇರೆ ವಸ್ತುಗಳನ್ನು ಕರಗಿಸುವ ದ್ರವ) ಆಗಿ ಬಳಸುವ ಈಥರ್ ಕುದಿಯುವುದು 34.6 ಡಿಗ್ರಿಗೆ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ 40 ದಾಟುವುದು ಮಾಮೂಲು. ಅಂದರೆ ಆ ಹೊತ್ತಿನಲ್ಲಿ ಎ.ಸಿ. ಇಲ್ಲದ ಕೋಣೆಯಲ್ಲಿ ಈಥರ್ ಬಾಟಲಿಯ ಮುಚ್ಚಳ ತೆಗೆದರೆ, ಒಲೆ ಹಚ್ಚದೆಯೇ ಅದು ಕುದಿಯುತ್ತದೆ. ಎಷ್ಟೋ ಕೆಮಿಕಲ್‌ಗಳ ಲೇಬಲ್ ಮೇಲೆ ‘ಕೋಣೆಯ ಉಷ್ಣತೆಯಲ್ಲಿ ಇಡಿ’ ಅಂತ ಇರುತ್ತದೆ. ಅದನ್ನು ಬರೆದವರ ಕೋಣೆ 25 ಡಿಗ್ರಿಯದು. ನಮ್ಮದಲ್ಲ.

ಮಣ್ಣು, ನೀರು, ಬೆಳೆ ಪರೀಕ್ಷೆಗೆ ಹೊಸ ಲ್ಯಾಬ್ ಕಟ್ಟುವಾಗ ಸುರಕ್ಷತೆ ಅಂದರೆ ಗೋಡೆಗೆ ಬೆಂಕಿ ಆರಿಸುವ ಒಂದು ಕೆಂಪು ಸಿಲಿಂಡರ್, ಬಾಗಿಲಿಗೆ ಒಂದು ಬೋರ್ಡ್, ಅಲ್ಲಿಗೆ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ನನ್ನನ್ನು ಕೇಳಿದರೆ, ನಕ್ಷೆ ಹಾಕುವ ಮೊದಲೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಮೇ ತಿಂಗಳಲ್ಲಿ, ಮಧ್ಯಾಹ್ನ 3 ಗಂಟೆಗೆ, ಕರೆಂಟ್ ಹೋದಾಗ ಈ ಕೋಣೆಯೊಳಗೆ ಏನಾಗುತ್ತದೆ?

ಹತ್ತಿಬೀಜ, ಶೇಂಗಾದಲ್ಲಿ ಎಣ್ಣೆ ಎಷ್ಟಿದೆ ಅಂತ ನೋಡಲು ಪೆಟ್ರೋಲಿಯಂ ಈಥರ್ (ಮೇಲೆ ಹೇಳಿದ ಈಥರ್ ಅಲ್ಲ, ಪೆಟ್ರೋಲಿನಂಥ ಇನ್ನೊಂದು ಸಾಲ್ವೆಂಟ್) ಬಳಸುತ್ತಾರೆ. ಅದರ ಒಂದು ಗ್ರೇಡಿನ ಹೆಸರೇ ‘40–60’. ಅಷ್ಟು ಡಿಗ್ರಿಯ ನಡುವೆ ಅದು ಕುದಿಯುತ್ತದೆ ಅಂತ ಅರ್ಥ. ಮೇಲಂತಸ್ತಿನಲ್ಲಿ, ಕಾದ ಆರ್‌ಸಿಸಿ ಚಾವಣಿಯ ಕೆಳಗಿನ ಸ್ಟೋರ್ ರೂಮಿನಲ್ಲಿ ಅದನ್ನಿಟ್ಟರೆ ಬಾಟಲಿಯೊಳಗೆ ಒತ್ತಡ ಏರುತ್ತಲೇ ಇರುತ್ತದೆ. ಸೋರಿದ ಆವಿ ಗಾಳಿಗಿಂತ ಭಾರ, ಮೇಲೆ ಹೋಗುವುದಿಲ್ಲ. ನೆಲದ ಮೇಲೇ ಹರಿದು, ಎಲ್ಲೋ ದೂರದ ಪ್ಲಗ್ ಪಾಯಿಂಟಿನ ಕಿಡಿಯನ್ನು ಮುಟ್ಟುತ್ತದೆ. ಹಾಗಾಗಿ ಸ್ಟೋರ್ ನೆಲಮಹಡಿಯಲ್ಲಿ, ಬಿಸಿಲು ಬೀಳದ ಕಡೆ ಇರಬೇಕು. ಗಾಳಿ ಹೊರಹೋಗುವ ಕಿಂಡಿ ಮೇಲೊಂದೇ ಅಲ್ಲ, ನೆಲದ ಹತ್ತಿರವೂ ಬೇಕು.

ಹಾಗಾದರೆ ಫ್ರಿಜ್‌ನಲ್ಲಿ ಇಟ್ಟರಾಯಿತಲ್ಲ? ಅದು ಇನ್ನೂ ಕೆಟ್ಟದ್ದು. ಈಥರಿನ ಆವಿ ಮೈನಸ್ 45 ಡಿಗ್ರಿಯಲ್ಲೂ ಬೆಂಕಿ ಹಿಡಿಯಬಲ್ಲದು. ಫ್ರಿಜ್‌ನ 4 ಡಿಗ್ರಿ ಅದಕ್ಕೆ ಲೆಕ್ಕವೇ ಅಲ್ಲ. ಮನೆಯ ಫ್ರಿಜ್ಜಿನೊಳಗೆ ಥರ್ಮೋಸ್ಟಾಟ್ ಇರುತ್ತದೆ, ಬಾಗಿಲು ತೆರೆದರೆ ಹತ್ತುವ ಲೈಟಿನ ಸ್ವಿಚ್ ಇರುತ್ತದೆ. ಎರಡರಲ್ಲೂ ಕಿಡಿ ಹಾರಬಹುದು. ಒಳಗೆ ಕಿಡಿ ಹಾರದ ಹಾಗೆ ಮಾಡಿದ, ಲ್ಯಾಬಿಗಾಗಿಯೇ ಬರುವ ಫ್ರಿಜ್ ದುಬಾರಿ. ಆದರೂ ಅದನ್ನೇ ತರಬೇಕು.

ಇನ್ನು ಫ್ಯೂಮ್ ಹುಡ್. ಮುಂದೆ ಎತ್ತಿ ಇಳಿಸುವ ಗಾಜಿರುವ, ಕೆಟ್ಟ ಗಾಳಿಯನ್ನು ಎಳೆದು ಚಾವಣಿಯ ಮೇಲೆ ಬಿಡುವ ಪೆಟ್ಟಿಗೆ ಇದು. ಗಾಜಿನ ಕೆಳಗೆ ಗಾಳಿ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ ಒಳಗೆ ಹೋಗುತ್ತಿರಬೇಕು. ಒಂದೂವರೆ ಮೀಟರ್ ಅಗಲದ ಹುಡ್‌ನಲ್ಲಿ ಗಾಜನ್ನು ಅರ್ಧ ಮೀಟರ್ ಎತ್ತಿದ್ದೀರಿ ಅನ್ನಿ. ಗಂಟೆಗೆ 1,350 ಘನ ಮೀಟರ್ ಗಾಳಿ ಹೊರಗೆ ಹೋಗುತ್ತದೆ. 6 ಮೀಟರ್ ಉದ್ದ, 5 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಲ್ಲಿರುವುದೇ 90 ಘನ ಮೀಟರ್. ಅಂದರೆ ನಾಲ್ಕು ನಿಮಿಷಕ್ಕೊಮ್ಮೆ ಇಡೀ ಕೋಣೆಯ ಗಾಳಿ ಖಾಲಿ! ಎ.ಸಿ. ತಣಿಸಿದ್ದೆಲ್ಲ ಚಾವಣಿಯ ಮೇಲೆ. ಸೆಕೆ ತಡೆಯದೆ ಜನ ಏನು ಮಾಡುತ್ತಾರೆ? ಹುಡ್ ಆಫ್ ಮಾಡುತ್ತಾರೆ, ಇಲ್ಲವೇ ಸೀಲಿಂಗ್ ಫ್ಯಾನ್ ಜೋರಾಗಿ ಹಾಕುತ್ತಾರೆ. ಫ್ಯಾನಿನ ಗಾಳಿ ಅರ್ಧ ಮೀಟರಿನ ಆ ಮೆಲ್ಲನೆಯ ಎಳೆತವನ್ನು ಸುಲಭವಾಗಿ ಸೋಲಿಸಿ, ಒಳಗಿನ ಹೊಗೆಯನ್ನು ನಿಂತವರ ಮುಖಕ್ಕೇ ತರುತ್ತದೆ. ಅವರನ್ನು ಬೈದು ಪ್ರಯೋಜನವಿಲ್ಲ. ಹುಡ್ ಎಳೆಯುವ ಗಾಳಿಯನ್ನೂ ಲೆಕ್ಕಕ್ಕೆ ಹಿಡಿದು ಎ.ಸಿ. ಹಾಕದಿದ್ದದ್ದು ಕಟ್ಟಿದವರ ತಪ್ಪು.

ಪಕ್ಕದ ಶಕ್ತಿನಗರದಲ್ಲೇ ವಿದ್ಯುತ್ ತಯಾರಾದರೂ ನಮ್ಮಲ್ಲಿ ಕರೆಂಟ್ ಹೋಗುವುದು ತಪ್ಪಿಲ್ಲ. ಯುಪಿಎಸ್ ಲೈನ್ ಎಳೆಯುವಾಗ ಕಂಪ್ಯೂಟರ್, ಬೆಲೆಬಾಳುವ ಯಂತ್ರಗಳದ್ದೇ ಚಿಂತೆ. ಹುಡ್‌ನ ಬ್ಲೋಯರ್ ಯಾರಿಗೂ ನೆನಪಾಗುವುದಿಲ್ಲ. ಒಳಗೆ ಕಾದ ಹೀಟರಿನ ಮೇಲಿನ ಆಸಿಡ್ ಮಾತ್ರ ಇನ್ನೂ ಸ್ವಲ್ಪ ಹೊತ್ತು ಹೊಗೆಯಾಡುತ್ತಲೇ ಇರುತ್ತದೆ. ಬ್ಲೋಯರಿಗೆ ಬ್ಯಾಕಪ್ ಸಿಗುವವರೆಗೆ ನಿಯಮ ಇಷ್ಟೇ: ಕರೆಂಟ್ ಹೋದ ಕೂಡಲೇ ಗಾಜು ಇಳಿಸಿ, ಹೀಟರ್ ಸ್ವಿಚ್ ಆರಿಸಿ, ಹೊರಗೆ ಬನ್ನಿ.

ನೀರಿನ ಕಥೆಯೂ ಇದೆ. ಮೈಮೇಲೆ ಆಸಿಡ್ ಬಿದ್ದರೆ ಕೆಳಗೆ ಹೋಗಿ ನಿಲ್ಲಬೇಕಾದ ಶವರ್ ನಿಮಿಷಕ್ಕೆ ಸುಮಾರು 75 ಲೀಟರ್ ಸುರಿಯಬೇಕು, ಅದೂ 15 ನಿಮಿಷ. ಒಟ್ಟು 1,100 ಲೀಟರಿಗೂ ಜಾಸ್ತಿ. ಸಾವಿರ ಲೀಟರಿನ ಟ್ಯಾಂಕ್ ತುಂಬಿದ್ದರೂ ಒಬ್ಬರಿಗೇ ಸಾಲದು. ಕಣ್ಣು ತೊಳೆಯುವ ನೀರು 16ರಿಂದ 38 ಡಿಗ್ರಿಯೊಳಗಿರಬೇಕು. ಮಾಳಿಗೆ ಮೇಲಿನ ಕರಿ ಟ್ಯಾಂಕಿನ ನೀರಿಗೆ ಮಧ್ಯಾಹ್ನ ಕೈಯೊಡ್ಡಲೂ ಆಗುವುದಿಲ್ಲ, ಇನ್ನು ಕಣ್ಣಿಗೆ ಹೇಗೆ? ಆ ಟ್ಯಾಂಕಿಗೆ ನೆರಳು ಬೇಕು, ಪೈಪನ್ನು ಬಿಸಿಲಿನಲ್ಲಿ ಎಳೆಯಬಾರದು.

ಮಣ್ಣಿನ ಸಾವಯವ ಇಂಗಾಲ ಅಳೆಯುವುದನ್ನು ಹತ್ತಿರದಿಂದ ನೋಡಿ. ಜರಡಿ ಹಿಡಿದ ಒಂದು ಚಿಟಿಕೆ ಎರೆಮಣ್ಣು, ಕ್ರೋಮಿಯಂ ಇರುವ, ಕಿತ್ತಳೆ ಬಣ್ಣದ ಡೈಕ್ರೋಮೇಟ್ ದ್ರಾವಣ 10 ಮಿಲಿ, ಅದರ ಮೇಲೆ 20 ಮಿಲಿ ಗಟ್ಟಿ ಸಲ್ಫ್ಯೂರಿಕ್ ಆಸಿಡ್. ಫ್ಲಾಸ್ಕ್ ತಾನೇ ಕಾದು 100 ಡಿಗ್ರಿ ದಾಟುತ್ತದೆ, ಬಣ್ಣ ಹಸಿರಿಗೆ ತಿರುಗುತ್ತದೆ. ಆ ಕಿತ್ತಳೆ ಕ್ರೋಮಿಯಂ ಕ್ಯಾನ್ಸರ್ ತರಬಲ್ಲದು. ಹಸಿರಾದ ಮೇಲೆ ಅಷ್ಟು ಭಯವಿಲ್ಲ. ಆದರೆ ಆಸಿಡ್ ಅಲ್ಲೇ ಇರುತ್ತದೆ. ಸಂಜೆ ಆ ಫ್ಲಾಸ್ಕುಗಳನ್ನೆಲ್ಲ ತೊಳೆಯುವವರು ಯಾರು? ಅಟೆಂಡರ್. ತರಬೇತಿಯ ಪಟ್ಟಿಯಲ್ಲಿ ಹೆಸರು ಇಲ್ಲದವರೂ ಸಾಮಾನ್ಯವಾಗಿ ಅವರೇ.

ಗ್ಲೌಸ್ ಕೊಟ್ಟಿದ್ದೇವಲ್ಲ ಅನ್ನಬಹುದು. 1996ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಕ್ಯಾರೆನ್ ವೆಟರ್‌ಹಾನ್ ಅವರ ಲ್ಯಾಟೆಕ್ಸ್ ಗ್ಲೌಸ್ ಮೇಲೆ ಡೈಮಿಥೈಲ್ ಮರ್ಕ್ಯುರಿ ಎಂಬ ಪಾದರಸದ ವಿಷದ ಕೆಲವು ಹನಿ ಬಿದ್ದವು. ಅದು ಗ್ಲೌಸ್ ದಾಟಿ ಒಳಗಿಳಿಯಿತು. ಮುಂದಿನ ವರ್ಷ ಜೂನ್‌ನಲ್ಲಿ ಅವರು ತೀರಿಕೊಂಡರು. ಎಲ್ಲೆಡೆ ಸಿಗುವ ತೆಳು ನೈಟ್ರೈಲ್ ಗ್ಲೌಸನ್ನು ಅಸಿಟೋನ್ ಎಂಬ ಸಾಲ್ವೆಂಟ್ ನಿಮಿಷಗಳಲ್ಲೇ ದಾಟುತ್ತದೆ. ಅದಕ್ಕೆ ಬ್ಯುಟೈಲ್ ರಬ್ಬರಿನದು ಬೇಕು. ಗಟ್ಟಿ ಆಸಿಡ್ಡಿಗೆ ನಿಯೋಪ್ರೀನ್‌ನಂಥ ದಪ್ಪನೆಯದು. ಆದರೆ ಸೆಕೆಗೆ ಕೈ ಬೆವೆತು, ಅರ್ಧ ಗಂಟೆಯಲ್ಲಿ ಯಾರಾದರೂ ಬಿಚ್ಚಿಯೇ ಬಿಡುತ್ತಾರೆ.

ಬೇಸಿಗೆಯಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ರೂಢಿ ಇದೆಯಲ್ಲ, ಲ್ಯಾಬುಗಳೂ ಅದನ್ನು ಪೂರ್ತಿ ಬಳಸಿಕೊಳ್ಳಬೇಕು. ಆಸಿಡ್, ಸಾಲ್ವೆಂಟ್ ಕೆಲಸ ಮತ್ತು ಫ್ಲಾಸ್ಕ್ ತೊಳೆಯುವುದು 11ರೊಳಗೆ. ಲೆಕ್ಕ, ರಿಪೋರ್ಟ್ ಆಮೇಲೆ.